ನಾನು ನೋಡಿದ ಹೊಗೆಗುಡ್ಡ

ದೂರದ ಬೆಟ್ಟ ನುಣ್ಣಗೆ ಅಂತ ಗಾದೆ ಕಟ್ಟಿದವನು ಯಾವನೋ ಸಮಾಜ ವಿಜ್ಞಾನದ ಮೇಷ್ಟ್ರೇ ಇರಬೇಕು ಎಂದು ನನಗೆ ಮೊದಲಿನಿಂದಲೂ ಗುಮಾನಿ. ಯಾಕೆಂದರೆ ಬೆಟ್ಟಗಳನ್ನು ದೂರದಲ್ಲೇ ಇಟ್ಟುಕೊಂಡು ಅವುಗಳಿಂದ ಅನ್ನ ಸಂಪಾದಿಸುವವರು ಪ್ರಪಂಚದಲ್ಲಿ ನಾವು ಮಾತ್ರ. ನಾನು ಹುಟ್ಟಿದ್ದು ಹೊಳೆನರಸೀಪುರದಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಬಿ.ಎ. ಬಿ.ಎಡ್. ಓದಿದ್ದು ಹಾಸನದಲ್ಲಿ. ಹೆಣ್ಣು ತಂದದ್ದು ಚನ್ನರಾಯಪಟ್ಟಣದಿಂದ. ಅಕ್ಕನನ್ನು ಕೊಟ್ಟಿರುವುದು ಅರಕಲಗೂಡಿಗೆ. ಈ ನಾಲ್ಕು ಊರುಗಳ ಮಧ್ಯೆ ಬಸ್ಸಿನಲ್ಲಿ ನಿಂತುಕೊಂಡು ಓಡಾಡಿದ್ದನ್ನೇ ದೇಶ ಸುತ್ತಿದ್ದು ಎಂದು ತಿಳಿದು ಬದುಕಿದವನು ನಾನು. ಆದರೆ ಆಂಡಿಸ್ ಪರ್ವತವನ್ನು ಇಪ್ಪತ್ತು ವರ್ಷ ಕಪ್ಪು ಹಲಗೆಯ ಮೇಲೆ ಎಬ್ಬಿಸಿದ್ದೇನೆ, ಬೆಲ್ಲು ಹೊಡೆದ ತಕ್ಷಣ ಒರೆಸಿದ್ದೇನೆ. ಹಿಮಾಲಯದ ತುದಿಯಲ್ಲಿ ಉಸಿರು ಕಟ್ಟುವುದು ಹೇಗೆ ಅಂತ ಮಕ್ಕಳಿಗೆ ಉಸಿರು ಕಟ್ಟಿಯೇ ತೋರಿಸಿದ್ದೇನೆ. ಸ್ವಂತ ಕಾಲಿನಿಂದ ಹತ್ತಿದ ಎತ್ತರ ಎಂದರೆ ಶ್ರವಣಬೆಳಗೊಳದ ಬೆಟ್ಟ, ಅದೂ ಅರ್ಧ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಮುಂದೆ ಹುಮ್ಮಸ್ಸಿನಿಂದ ಹತ್ತಲು ಹೋಗಿ, ನಡುವೆ ಮೆಟ್ಟಿಲ ಮೇಲೆ ಕೂತು, "ಇಲ್ಲಿ ಡೋಲಿ ಸಿಗುತ್ತಂತಲ್ಲೇ?" ಎಂದು ಕೇಳಿದೆ. ಪದ್ಮ ಅದನ್ನು ಇವತ್ತಿನವರೆಗೆ ಮರೆತಿಲ್ಲ. ಹೆಂಡಂದಿರು ಮರೆಯುವ ವಿಷಯಗಳ ಪಟ್ಟಿ ಬೇರೆ ಇದೆ.

ಇಂಥ ನಾನು ಹೊಗೆಗುಡ್ಡ ನೋಡಿದವನು ಅಂತ ಹೆಸರು ಮಾಡಿದ್ದು ಒಂದು ಶೀಸೆ ಮಜ್ಜಿಗೆಯಿಂದ. ತೊಂಬತ್ತರ ದಶಕದ ಶುರು ಇರಬೇಕು. ಎಂಟನೇ ಕ್ಲಾಸು, ಊಟಕ್ಕೆ ಮುಂಚಿನ ಪೀರಿಯಡ್ಡು. ಪಾಠ ನಮ್ಮ ರಾಜ್ಯದ ಗಿರಿಧಾಮಗಳು. ಚಿಕ್ಕಮಗಳೂರಿನಿಂದ ಮೇಲೆ ಎಲ್ಲೋ ಮೂಲೆಯಲ್ಲಿರುವ ಹೊಗೆಗುಡ್ಡದ ಬಗ್ಗೆ ಪುಸ್ತಕದಲ್ಲಿ ಇದ್ದದ್ದು ಒಂದೇ ಸಾಲು. "ಇದೂ ಒಂದು ತಂಪಾದ ಗಿರಿಧಾಮವಾಗಿದೆ." ನಾನು ಆ ಸಾಲನ್ನು ಓದುವುದಕ್ಕೂ, ಮೇಜಿನ ಮೇಲಿದ್ದ ನನ್ನ ಬಟ್ಟೆ ಚೀಲದೊಳಗೆ ಮಜ್ಜಿಗೆ ಶೀಸೆಯ ಮುಚ್ಚಳ ಬಿಚ್ಚಿಕೊಳ್ಳುವುದಕ್ಕೂ ಸರಿಹೋಯಿತು. ಬಿಳೀ ಧಾರೆ ಹಾಜರಿ ಪುಸ್ತಕದ ಮೇಲೆ ಹರಿದು, ಮೇಜಿನ ಅಂಚಿನಿಂದ ನನ್ನ ಪಂಚೆಯ ಮೇಲೆ ಇಳಿಯಿತು. ಐವತ್ತು ಮಕ್ಕಳು ಗೊಳ್ ಎಂದರು. ಹೊಡೆಯುವ ಮೇಷ್ಟ್ರು ನಾನಲ್ಲ. ಹೊಡೆದರೆ ನನಗೇ ಕೈ ನೋಯುತ್ತದೆ. ಮಾನ ಉಳಿಸಿಕೊಳ್ಳಲು ಬಾಯೊಂದೇ ಇತ್ತು. "ನಗ್ತೀರಾ? ನಗಿ, ನಗಿ. ಹೊಗೆಗುಡ್ಡದಲ್ಲಿ ಹೀಗೇ ಮಜ್ಜಿಗೆ ಚೆಲ್ಲಿದಾಗ ನಕ್ಕನಲ್ಲ ಒಬ್ಬ, ಅವನು ಇನ್ನೂ ಮನೆ ಸೇರಿಲ್ಲ" ಎಂದೆ. ಕ್ಲಾಸು ಗಪ್‌ಚಿಪ್.

ಶುರು ಮಾಡಿದ ಮೇಲೆ ಮುಗಿಸಬೇಕಲ್ಲ. ಹೇಳುತ್ತಾ ಹೋದೆ. ಗುಡ್ಡದ ಮೇಲೆ ಒಬ್ಬ ಮಜ್ಜಿಗಜ್ಜಿ ಇದ್ದಳು, ಹತ್ತಿ ಬಂದವರಿಗೆಲ್ಲ ಕರೆದು ಮಜ್ಜಿಗೆ ಕೊಡುತ್ತಿದ್ದಳು. ಒಂದು ದಿನ ಬಿಳೀ ದೊರೆಯೊಬ್ಬ ನಾಲ್ಕು ಜನರ ಹೆಗಲ ಮೇಲೆ ಕುರ್ಚಿ ಹೊರಿಸಿಕೊಂಡು ಬಂದ. ಅಜ್ಜಿ ಮೊದಲು ಹೊತ್ತವರಿಗೆ ಮಜ್ಜಿಗೆ ಕೊಟ್ಟಳು. "ಕೂತೋನಿಗೇನು ದಣಿವು? ನಿಂಗೆ ಆಮೇಲೆ" ಅಂದಳು. ದೊರೆಗೆ ಸಿಟ್ಟು ಬಂದು ಗಡಿಗೆಯನ್ನು ಒದ್ದು ಹಲ್ಲು ಕಿರಿದ. ಚೆಲ್ಲಿದ ಮಜ್ಜಿಗೆ ಕಣಿವೆಯೆಲ್ಲಾ ಹರಡಿ ಮಂಜಾಯಿತು. ದೊರೆ ದಾರಿ ತಪ್ಪಿದವನು ಇನ್ನೂ ತಿರುಗುತ್ತಲೇ ಇದ್ದಾನೆ. ಅಜ್ಜಿ ಕಲ್ಲಾಗಿ ನಿಂತಿದ್ದಾಳೆ. ಆನೆ ಮಲಗಿದ ಹಾಗಿರುವ ಬಂಡೆಯ ಪಕ್ಕ, ಸೊಂಟ ಬಗ್ಗಿದ ಮುದುಕಿಯ ಹಾಗೆ ಒಂದು ಕಲ್ಲು. ಅದರ ಮೇಲೆ ಒಂದು ಬೊಗಸೆ ಮಜ್ಜಿಗೆ ಹುಯ್ದು "ಅಜ್ಜೀ, ದಾರಿ ಬಿಡು" ಎಂದರೆ ಮಂಜು ಎದ್ದು ಹೋಗುತ್ತದೆ. ಇಷ್ಟು ಹೇಳಿ ಮುಗಿಸುವಾಗ ನನ್ನ ಪಂಚೆ ಮುಕ್ಕಾಲು ಒಣಗಿತ್ತು. ಮೊದಲ ಬೆಂಚಿನ ಹುಡುಗಿಯೊಬ್ಬಳು ಕಣ್ಣರಳಿಸಿಕೊಂಡು ಎದ್ದು ನಿಂತು, "ಸಾ, ನೀವು ನೋಡಿದ್ದೀರಾ ಸಾ?" ಎಂದಳು. ಆ ಕಣ್ಣಿನಲ್ಲಿ ಅನುಮಾನ ಇದ್ದಿದ್ದರೆ ನಿಜ ಹೇಳಿಬಿಡುತ್ತಿದ್ದೆ. ಇದ್ದದ್ದು ಬರೀ ಬೆರಗು. "ನೋಡದೆ ಹೇಳ್ತೀನೇನಮ್ಮ?" ಅಂದುಬಿಟ್ಟೆ. ಆವತ್ತು ಮಧ್ಯಾಹ್ನ ಮಜ್ಜಿಗೆಯಿಲ್ಲದೆ ಬರೀ ಅನ್ನ ತಿಂದದ್ದು ಆ ಮಾತಿಗೆ ಸಿಕ್ಕ ಶಿಕ್ಷೆ ಎಂದು ಸಮಾಧಾನ ಮಾಡಿಕೊಂಡೆ.

ಶಿಕ್ಷೆ ಅಷ್ಟಕ್ಕೇ ಮುಗಿಯಲಿಲ್ಲ. ಮಾರನೇ ವರ್ಷದ ಎಂಟನೇ ಕ್ಲಾಸು ಮೊದಲ ದಿನವೇ "ಸಾ, ಮಜ್ಜಿಗಜ್ಜಿ ಕತೆ" ಎಂದು ಕೇಳಿತು. ವರ್ಷ ವರ್ಷ ಹೇಳಿದೆ. ಹೇಳಿದಷ್ಟೂ ಕತೆ ಬೆಳೆಯಿತು, ಕತೆಯ ಜೊತೆ ನಾನೂ ಬೆಳೆದೆ. ಒಂದು ವರ್ಷ ಗುಡ್ಡದ ಮೇಲೆ ಒಂದು ರಾತ್ರಿ ತಂಗಿದ್ದೆ, ಇನ್ನೊಂದು ವರ್ಷಕ್ಕೆ ಅದು ಮೂರು ರಾತ್ರಿಯಾಯಿತು. ಕತೆ ಮಕ್ಕಳ ಬಾಯಿಂದ ಸ್ಟಾಫ್ ರೂಮಿಗೆ ಬಂತು. ಅಲ್ಲಿ ಎಲ್ಲರೂ ನಂಬಿದರು, ಒಬ್ಬರನ್ನು ಬಿಟ್ಟು. ಗಣಿತದ ಶಿವಲಿಂಗಪ್ಪನವರು. ಅರಕಲಗೂಡು ಕಡೆಯವರು, ವಿಭೂತಿ ಹಚ್ಚದೆ ಕಾಫಿ ಕುಡಿಯದ ಸಾತ್ವಿಕರು, ಆದರೆ ರೇಖಾಗಣಿತ ಕಲಿಸಿ ಕಲಿಸಿ ಮನೆಯಲ್ಲಿ ಹೆಂಡತಿ ಉಪ್ಪಿಟ್ಟಿಗೆ ಉಪ್ಪು ಹಾಕಿದ್ದೀನಿ ಅಂದರೂ ಸಾಧನೆ ಕೇಳುವ ಸ್ವಭಾವ. "ಸಾಧನೀಯ ಏನೋ ಸರಿ ಮೇಷ್ಟ್ರೇ. ದತ್ತ ಎಲ್ಲಿ? ಯಾವ ವರ್ಷ ಹೋಗಿದ್ರಿ? ಯಾವ ಬಸ್ಸು? ಯಾರ ಜೊತೆ?" ಎಂದು ಚಹಾದ ಲೋಟದ ಮೇಲಿನಿಂದ ನೋಡುತ್ತಾ ಕೇಳುವರು. "ಮದುವೆಗೆ ಮುಂಚೆ" ಎಂದು ನಾನು ಹಾರಿಸುತ್ತಿದ್ದೆ. ಮದುವೆಗೆ ಮುಂಚಿನ ಕಾಲಕ್ಕೆ ಸಾಕ್ಷಿಗಳಿರುವುದಿಲ್ಲ.

ಹೀಗೆ ಹತ್ತು ಹನ್ನೆರಡು ವರ್ಷ ತಳ್ಳಿದೆ. ಎರಡು ಸಾವಿರದ ಮೂರೋ ನಾಲ್ಕೋ, ದಸರಾ ರಜೆಗೆ ನಮ್ಮ ಮೇಷ್ಟ್ರುಗಳೆಲ್ಲಾ ಸಂಸಾರ ಸಮೇತ ಪ್ರವಾಸ ಹೋಗುವುದೆಂದು ನಿಶ್ಚಯವಾಯಿತು. ಎಲ್ಲಿಗೆ ಎಂಬ ಮಾತು ಬಂದಾಗ ಹೆಡ್‌ಮಾಸ್ಟರು, "ಹೊಗೆಗುಡ್ಡಕ್ಕೇ ಹೋಗೋಣ. ಗೈಡು ನಮ್ಮಲ್ಲೇ ಇದ್ದಾರಲ್ಲ!" ಎಂದು ನನ್ನ ಬೆನ್ನು ತಟ್ಟಿದರು. ಬೇಲೂರು ಎಂದೆ, ಅಲ್ಲಿ ಮದನಿಕೆಯರಿದ್ದಾರೆ ಎಂದೆ. ಹಾಸನದ ಪಕ್ಕದ ಮೊಸಳೆ ಅನ್ನುವ ಹಳ್ಳಿಯಲ್ಲಿ ಜೋಡಿ ದೇವಸ್ಥಾನ ಇದೆ, ಹಿತ್ತಲ ಗಿಡ ಮದ್ದಲ್ಲ ಅಂತ ಹತ್ತಿರದ್ದನ್ನೇ ಯಾರೂ ನೋಡುವುದಿಲ್ಲ ಎಂದು ಭಾಷಣ ಮಾಡಿದೆ. ಮಂಡಿ ನೋವು ಎಂದೆ. ಯಾವುದೂ ನಡೆಯಲಿಲ್ಲ. ಶಿವಲಿಂಗಪ್ಪನವರು ಲೋಟ ಕೆಳಗಿಟ್ಟು, ಎಲ್ಲರ ಮುಂದೆ ಕರಾರು ಹಾಕಿಯೇ ಬಿಟ್ಟರು. "ನೋಡಿ ಮೇಷ್ಟ್ರೇ, ಆ ಅಜ್ಜಿ ಕಲ್ಲನ್ನ ಒಂದು ಸಲ ತೋರಿಸಿಬಿಡಿ. ಈ ಜನ್ಮದಲ್ಲಿ ನಿಮ್ಮ ಮಾತಿಗೆ ಎದುರಾಡಿದರೆ ಕೇಳಿ. ಕಲ್ಲು ಇಲ್ಲ ಅಂತಾದರೆ ವಾಪಸು ಬಂದು, ಪ್ರಾರ್ಥನೆ ಹೊತ್ತಿನಲ್ಲಿ ಇಡೀ ಸ್ಕೂಲಿನ ಮುಂದೆ ನಿಂತು, 'ನಾನು ಹೊಗೆಗುಡ್ಡ ನೋಡಿರಲಿಲ್ಲ' ಅಂತ ಒಂದೇ ಒಂದು ಮಾತು ಹೇಳಬೇಕು. ಆಗಬಹುದಾ?" ಎಲ್ಲರೂ ನನ್ನ ಮುಖ ನೋಡಿದರು. ಧೈರ್ಯವಿದ್ದವನು ಆಗಲೇ ಹೇಳಿಬಿಡುತ್ತಿದ್ದ. ನನಗೆ ಇರುವುದು ಧೈರ್ಯವಲ್ಲ, ಬಾಯಿ. "ಧಾರಾಳವಾಗಿ" ಎಂದುಬಿಟ್ಟಿತು.

ಮನೆಗೆ ಬಂದು ಪದ್ಮನ ಮುಂದೆ ಎಲ್ಲಾ ಹೇಳಿಕೊಂಡೆ. ನಿಜ ಗೊತ್ತಿದ್ದದ್ದು ಅವಳೊಬ್ಬಳಿಗೇ. ಅವಳು ಕೋಡುಬಳೆ ಹಿಟ್ಟು ನಾದುತ್ತಾ, "ಒಳ್ಳೇದೇ ಆಯ್ತಲ್ರೀ, ಈಗಲಾದ್ರೂ ನೋಡ್ಕೊಂಡು ಬನ್ನಿ" ಎಂದಳು. "ಮಾನ ಹೋಗ್ತಿದೆ ಕಣೇ" ಎಂದೆ. "ಹೋಗೋದು ಮಾನ ತಾನೆ, ಅದಕ್ಕೇನು ಟಿಕೇಟು ತೆಗೀಬೇಕಾ? ಮಂಕಿ ಟೋಪಿ ಎಲ್ಲಿಟ್ಟಿದ್ದೀರಿ ಹೇಳಿ, ಅಲ್ಲಿ ಚಳಿಯಂತೆ" ಎಂದಳು. ನನಗೆ ರಾತ್ರಿ ನಿದ್ದೆ ಬರಲಿಲ್ಲ ಅಂತೇನೂ ಸುಳ್ಳು ಹೇಳುವುದಿಲ್ಲ. ಚೆನ್ನಾಗಿಯೇ ಬಂತು. ಆದರೆ ಎಚ್ಚರವಿದ್ದಾಗೆಲ್ಲಾ, ಪ್ರಾರ್ಥನೆಯ ಸಾಲಿನಲ್ಲಿ ನಿಂತ ಆರುನೂರು ಮಕ್ಕಳ ಮುಖ ಕಣ್ಣ ಮುಂದೆ ಬರುತ್ತಿತ್ತು. ದೊಡ್ಡವರ ಎದುರು ಸುಳ್ಳ ಎನ್ನಿಸಿಕೊಳ್ಳಬಹುದು, ಅದು ಮಾಮೂಲು. ಮಕ್ಕಳ ಎದುರು ಆಗದು. ಇನ್ನು ಮೇಲೆ ನಾನು ಗಂಗಾ ನದಿ ಹಿಮಾಲಯದಲ್ಲಿ ಹುಟ್ಟುತ್ತದೆ ಎಂದರೂ ಅವು ಒಂದರ ಮುಖ ಒಂದು ನೋಡಿಕೊಳ್ಳುತ್ತವೆ.

ಬಾಡಿಗೆ ವ್ಯಾನಿನಲ್ಲಿ ಇಪ್ಪತ್ತು ಜನ ಹೊರಟೆವು. ಹಾಸನ ದಾಟುವವರೆಗೆ ನಾನು ಕ್ಷೇಮ. ಬೇಲೂರಲ್ಲಿ ಪುಳಿಯೋಗರೆ ತಿಂದೆವು. ಶಿವಲಿಂಗಪ್ಪನವರು ಅಲ್ಲಿಯ ಮದನಿಕೆಯರನ್ನು ಒಬ್ಬೊಬ್ಬರನ್ನಾಗಿ ಫೋಟೋ ತೆಗೆದು ತಮ್ಮ ಕ್ಯಾಮೆರಾದ ರೀಲು ಪೂರ್ತಿ ಮುಗಿಸಿದರು. ಚಿಕ್ಕಮಗಳೂರು ದಾಟಿ ಘಾಟಿ ಹತ್ತಲು ಶುರುವಾದ ಮೇಲೆ ಪ್ರಶ್ನೆಗಳು ಶುರುವಾದವು. "ಇನ್ನೆಷ್ಟು ತಿರುವು ಮೇಷ್ಟ್ರೇ?" "ಇಲ್ಲೊಂದು ಹಳ್ಳ ಬರಬೇಕಲ್ವಾ?" "ಗೆಸ್ಟ್ ಹೌಸು ಬಲಗಡೆಗೋ ಎಡಗಡೆಗೋ?" ಆ ಹೊತ್ತಿನಲ್ಲಿ ನನ್ನನ್ನು ಕಾಪಾಡಿದ ಒಂದು ದಿವ್ಯವಾದ ವಾಕ್ಯವಿದೆ, ನಿಮಗೂ ಬೇಕಾದೀತು, ಬರೆದುಕೊಳ್ಳಿ. "ಆಗ ಹೀಗಿರಲಿಲ್ಲ." ತಿರುವು ಎಷ್ಟು ಎಂದರೆ, ಆಗ ಹೀಗಿರಲಿಲ್ಲ, ಕಾಲುದಾರಿ. ಗೆಸ್ಟ್ ಹೌಸು ಎಂದರೆ, ಆಗ ಹೀಗಿರಲಿಲ್ಲ, ಒಂದು ಹಂಚಿನ ಮಾಡು. ಹೀಗೆ ಹೇಳುವಾಗ ಕಿಟಕಿಯಾಚೆ ನೋಡಿ ಒಂದು ಸಣ್ಣ ನಿಟ್ಟುಸಿರು ಬಿಡಬೇಕು, ಅದು ಮುಖ್ಯ. ಪಕ್ಕದಲ್ಲಿ ಕೂತ ಪದ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅಲುಗುತ್ತಿದ್ದಳು. ಹೆಡ್‌ಮಾಸ್ಟರ ಹೆಂಡತಿ ಅವಳಿಗೆ ವಾಂತಿ ಬರುತ್ತಿದೆಯೆಂದು ತಿಳಿದು ನಿಂಬೆಹಣ್ಣು ಕೊಟ್ಟರು.

ಮಧ್ಯಾಹ್ನ ಮೇಲೆ ತಲುಪಿದಾಗ ಹೊಗೆಗುಡ್ಡ ಇರಲಿಲ್ಲ. ಮಂಜಿತ್ತು. ಎದುರಿಗಿರುವವರ ಮೂಗು ಕಾಣದಷ್ಟು ಮಂಜು. ಗೆಸ್ಟ್ ಹೌಸಿನ ಗೋಡೆಯನ್ನು ಕೈಯಲ್ಲಿ ಸವರಿ ಹುಡುಕಿಕೊಂಡೆವು. ನನಗೆ ಒಳಗೊಳಗೇ ಖುಷಿ. ಕಲ್ಲು ಎಲ್ಲಿ ಎಂದರೆ "ಅಗೋ ಅಲ್ಲೇ, ಮಂಜಿನೊಳಗೆ" ಎಂದು ಕೈ ತೋರಿಸಿದರಾಯಿತು, ನಾಳೆ ಸಂಜೆಗೆ ವಾಪಸು. ಆದರೆ ಶಿವಲಿಂಗಪ್ಪನವರು ಸಾಮಾನು ಕೂಡ ಇಳಿಸಲಿಲ್ಲ. ಎದುರಿಗೆ ಮಂಜಿನಲ್ಲಿ ಚಹಾ ಕುದಿಯುವ ವಾಸನೆ ಬರುತ್ತಿದ್ದ ಕಡೆಗೆ ಮೂಗು ಮುಂದೆ ಮಾಡಿಕೊಂಡು ನಡೆದರು. ನಾನೂ ಅವರ ಹಿಂದೆ ಓಡಿದೆ, ಅಪರಾಧಿ ಪೊಲೀಸಿನವನ ಹಿಂದೆ ಓಡುವುದನ್ನು ಅವತ್ತೇ ನಾನು ಕಂಡದ್ದು. ಒಂದು ತಗಡಿನ ಅಂಗಡಿ. ಒಲೆಯ ಮುಂದೆ ಕಂಬಳಿ ಹೊದ್ದ ಮುದುಕಿ. ಗಲ್ಲೆಯ ಹಿಂದೆ ತಲೆಗೆ ವಸ್ತ್ರ ಕಟ್ಟಿಕೊಂಡ ಒಬ್ಬ ಹೆಂಗಸು, ಬೆನ್ನು ಈ ಕಡೆಗೆ. ಶಿವಲಿಂಗಪ್ಪನವರು ಚಹಾ ಕೂಡ ಹೇಳದೆ, "ಇಲ್ಲಿ ಮಜ್ಜಿಗಜ್ಜಿ ಕಲ್ಲು ಅಂತ ಏನಾದರೂ ಇದೆಯಾ ತಾಯಿ?" ಎಂದು ಕೇಳಿಯೇಬಿಟ್ಟರು.

ನಾನು ಕಣ್ಣು ಮುಚ್ಚಿಕೊಂಡೆ. "ಐತಲ್ಲಾ ಸಾ," ಎಂದಳು ಆ ಹೆಂಗಸು, "ಒಂದು ಫರ್ಲಾಂಗು ಮೇಲಕ್ಕೆ. ಮಜ್ಜಿಗೆ ನಮ್ಮತ್ರವೇ ತಕಬೇಕು, ಲೋಟಕ್ಕೆ..." ಎನ್ನುತ್ತಾ ಈ ಕಡೆ ತಿರುಗಿದವಳು ಮಾತು ನಿಲ್ಲಿಸಿದಳು. ನನ್ನ ಮುಖವನ್ನೇ ನೋಡಿದಳು. "ಅಯ್ಯೋ! ಸಾ! ನೀವಾ ಸಾ?" ಎಂದು ಗಲ್ಲೆ ದಾಟಿ ಬಂದು ಕಾಲಿಗೆ ಬಿದ್ದಳು. "ನಾನು ಕಣ್ ಸಾ, ಭಾಗ್ಯ. ಮೊದಲ್ನೇ ಬೆಂಚಲ್ಲಿ ಕೂರ್ತಿದ್ನಲ್ಲಾ. ಮಜ್ಜಿಗೆ ಚೆಲ್ಲಿದ್ ದಿಸ ನಿಮ್ಮ ಹಾಜರಿ ಪುಸ್ತಕ ಒರೆಸಿದ್ದೇ ನಾನು!" ಹೊಳೆನರಸೀಪುರದ ಪಕ್ಕದ ಹಳ್ಳಿಯ ಹುಡುಗಿ. ಹತ್ತನೇ ಕ್ಲಾಸು ಮುಗಿದು ಎರಡು ವರ್ಷಕ್ಕೆ ಗೆಸ್ಟ್ ಹೌಸಿನ ವಾಚ್‌ಮನ್ನನಿಗೆ ಕೊಟ್ಟು ಮದುವೆ ಮಾಡಿದರಂತೆ. ಹೊಗೆಗುಡ್ಡ ಎಂದಾಗ ಅವಳ ಅವ್ವ "ಅಷ್ಟ್ ದೂರ ಯಾಕವ್ವಾ ಕೊಡಾದು" ಎಂದು ಅತ್ತಳಂತೆ. ಇವಳು ಮಾತ್ರ, "ಆ ಊರು ನಂಗೆ ಗೊತ್ತೈತೆ ಬುಡವ್ವ, ನಮ್ಮ ಸಾ ನೋಡ್ಕಬಂದವ್ರೆ" ಅಂತ ನಗುನಗುತ್ತಾ ಹೊರಟು ಬಂದಳಂತೆ. ಹನ್ನೆರಡು ವರ್ಷ ಮಜಾ ಮಾಡಿಕೊಂಡು ಹೇಳಿದ ಸುಳ್ಳೊಂದನ್ನು ಒಂದು ಹುಡುಗಿ ಗಂಡನ ಮನೆಗೆ ಜೊತೆ ಮಾಡಿಕೊಂಡು ಬಂದಿದ್ದಳು.

"ಬಂದ್ ಮಾರ್ನೇ ದಿಸವೇ ನಮ್ಮತ್ತೇನ ಕೇಳ್ದೆ ಸಾ, ಮಜ್ಜಿಗಜ್ಜಿ ಕಲ್ಲು ಎಲ್ಲಿ ಅಂತ. ಅಂಥಾದ್ದು ಯಾವ್ದೂ ಇಲ್ಲ ಅಂದ್ಬುಟ್ರು. ನಮ್ಮ ಸಾ ಸುಳ್ಳೇಳ್ತಾರಾ ಅಂತ ನಾನೇ ಎಂಟು ದಿಸ ಹುಡುಕ್ದೆ. ಆನೆ ಮನಗಿರಂಗೆ ಬಂಡೆ, ಪಕ್ಕದಲ್ಲಿ ಸೊಂಟ ಬಗ್ಗಿದ್ ಕಲ್ಲು. ನೀವು ಹೇಳಿದಂಗೇ ಇತ್ತು ಸಾ, ಒಂದು ಕೂದ್ಲೂ ಹೆಚ್ಚುಕಮ್ಮಿ ಇಲ್ಲ." ಆನೆ ಮಲಗಿದ ಹಾಗೆ ಒಂದು ಬಂಡೆ ಇಲ್ಲದ ಬೆಟ್ಟ ಕರ್ನಾಟಕದಲ್ಲಿ ಎಲ್ಲಿದೆ ಹೇಳಿ? ಅವಳು ಕುಂಕುಮ ಹಚ್ಚಿ, ದಿನಾ ಮಜ್ಜಿಗೆ ಹುಯ್ದು, ಬಂದ ಪ್ರವಾಸಿಗರಿಗೆಲ್ಲ ಕತೆ ಹೇಳಿ, ಈಗ ಅಂಗಡಿ ನಡೆಯುವುದೇ ಆ ಅಜ್ಜಿಯಿಂದ. ನಾನು ಗೆದ್ದಿದ್ದೆ. ಶಿವಲಿಂಗಪ್ಪನವರ ಕಡೆ ತಿರುಗಿ, ಹುಬ್ಬು ಸ್ವಲ್ಪ ಮೇಲೆತ್ತಿ, ಏನೂ ಮಾತಾಡದೆ ನಿಂತೆ. ಗೆದ್ದವನು ಮಾತಾಡಬಾರದು, ಗತ್ತು ಹಾಳಾಗುತ್ತದೆ. ಅವರು ಬಾಯಿ ತೆರೆದವರು ಮುಚ್ಚಲಿಲ್ಲ.

ಅಷ್ಟರಲ್ಲಿ ಒಲೆಯ ಮುಂದಿನ ಕಂಬಳಿ ಮಾತಾಡಿತು. ಭಾಗ್ಯಳ ಅತ್ತೆ. "ಇವ್ರೇನಾ ನಿನ್ನ ಮೇಷ್ಟ್ರು? ನಾ ಹುಟ್ಟಿದ್ದೇ ಈ ಗುಡ್ಡದ ಮೇಲೆ. ನಾ ಕೇಳದ ಕತೆ ಇವ್ರು ಎಲ್ಲಿ ಕೇಳಿದ್ರೋ ಕಾಣೆ. ಸೊಸೆ ದಿನಾ ಹುಯ್ತಾಳೆ, ಮಂಜು ಯಾವತ್ತು ಎದ್ದಿದೆ?" ಎಂದಳು. ಭಾಗ್ಯಳ ಮುಖ ಬಾಡಿತು. "ನಾನು ಇಲ್ಲಿಗೆ ಹೊಸಬಳಲ್ವಾ ಅತ್ತೆಮ್ಮಾ, ಅದ್ಕೇ" ಎಂದಳು ಸಣ್ಣ ದನಿಯಲ್ಲಿ. ಆ ಗುಡ್ಡದಲ್ಲಿ ಒಂದು ಪದ್ಧತಿ ಇದೆಯಂತೆ. ಯಾವ ದೇವರಿಗಾಗಲಿ ಹೊಸಬರು ಮೊದಲ ಪೂಜೆ ಮಾಡುವ ಹಾಗಿಲ್ಲ, ಹಿಂದೆ ಬಂದು ಆ ದೇವರ ಮುಖ ನೋಡಿ ಹೋದವರೇ ಮಾಡಬೇಕು. ಹೊಸಬರು ಕೈ ಹಾಕಿದರೆ ದೇವರು ಮುನಿಯುತ್ತದೆ, ಮೂರು ದಿನ ಮಂಜು ಕದಲುವುದಿಲ್ಲ. ಮುದುಕಿ ಕಂಬಳಿ ಸರಿಸಿ ಎದ್ದು ನಿಂತು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನೀವು ಹಿಂದೆ ಬಂದು ನೋಡಿದೋರಲ್ವಾ ಮೇಷ್ಟ್ರೇ? ನಾಳೆ ಬೆಳಿಗ್ಗೆ ನೀವೇ ಹುಯ್ಯಿ. ಮಂಜು ಎದ್ದರೆ ಸೊಸೆ ಮಾತು ಸರಿ. ಏಳದೆ ಇದ್ದರೆ ಆ ಕಲ್ಲಿನ ಕುಂಕುಮ ನಾನೇ ತೊಳೀತೀನಿ. ಇಲ್ಲದ್ದೊಂದು ದೇವರು ಹುಟ್ಟಿಸಿ ಇಡೀ ಗುಡ್ಡಕ್ಕೆ ಕೆಟ್ಟದಾಗೋದು ಬೇಡ." ಶಿವಲಿಂಗಪ್ಪನವರ ಬಾಯಿ ಮುಚ್ಚಿತು, ಕಣ್ಣಿನಲ್ಲಿ ಬೆಳಕು ಬಂತು. "ಹೌದು ಹೌದು, ಇದು ಸರಿಯಾದ ಸಾಧನೆ" ಎಂದರು.

ಮಾರನೇ ಬೆಳಿಗ್ಗೆ ಇಪ್ಪತ್ತು ಜನವೂ ಆ ಕಲ್ಲಿನ ಸುತ್ತ ನಿಂತರು. ಮಂಜು ಹಾಲು ಕಾಯಿಸಿದ ಪಾತ್ರೆಯ ಕೆನೆಯ ಹಾಗೆ ಗಟ್ಟಿಯಾಗಿತ್ತು. ನನ್ನ ಕೈಯಲ್ಲಿ ಮಜ್ಜಿಗೆಯ ಗಡಿಗೆ. ಆ ಇಡೀ ಗುಂಪಿನಲ್ಲಿ ಹುಯ್ಯಬಾರದವನು ಯಾರಾದರೂ ಇದ್ದರೆ ನಾನೇ. ಹೊಸಬರಲ್ಲಿ ಹೊಸಬ, ಸಾಲದ್ದಕ್ಕೆ ಸುಳ್ಳುಗಾರ. ಈಗಲಾದರೂ ಹೇಳಿಬಿಡೋಣ ಎಂದು ಬಾಯಿಯವರೆಗೆ ಬಂತು. ಪ್ರಾರ್ಥನೆಯ ಹೊತ್ತಿನಲ್ಲಿ ನಿಂತು ಹೇಳುವುದು ಈಗ ನನಗೆ ದೊಡ್ಡದಾಗಿ ಕಾಣಲಿಲ್ಲ, ನಿಜವಾಗಿ. ಆದರೆ ಪಕ್ಕದಲ್ಲಿ ಭಾಗ್ಯ ಕೈ ಮುಗಿದು ನಿಂತಿದ್ದಳು, ಹನ್ನೆರಡು ವರ್ಷದ ಹಿಂದಿನ ಅದೇ ಕಣ್ಣು. ಈ ಚಳಿಯಲ್ಲಿ, ಈ ಅತ್ತೆಯ ಮುಂದೆ, ನನ್ನ ಮಾತೊಂದನ್ನೇ ನಂಬಿ ಬಾಳ್ವೆ ಮಾಡಿದ ಹುಡುಗಿಯ ಮುಂದೆ ಏನೆಂದು ಹೇಳಲಿ? ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ನಮ್ಮೂರ ನರಸಿಂಹಸ್ವಾಮಿಯನ್ನು ಕೂಡ ನಾನು ಅಷ್ಟು ಶ್ರದ್ಧೆಯಿಂದ ನೆನೆದವನಲ್ಲ. ನಾನೇ ಹುಟ್ಟಿಸಿದ ಅಜ್ಜಿಯನ್ನು, ಅವಳೊಬ್ಬಳು ಇದ್ದಾಳೆಂದೇ ತಿಳಿದು, ಒಳಗೊಳಗೇ ಬೇಡಿಕೊಂಡೆ. 'ತಾಯಿ, ನನ್ನ ಮಾನ ಹೋದರೆ ಹೋಗಲಿ, ಅದು ಹಳೇ ಪಂಚೆ. ಈ ಹುಡುಗೀದು ಉಳಿಸು. ನಿನ್ನ ಗಡಿಗೆ ಒದ್ದವನು ನಾನೇ ಅಂತ ಬೇಕಾದರೆ ತಿಳ್ಕೋ.' ಗಡಿಗೆ ಬಗ್ಗಿಸಿದೆ. ತಣ್ಣನೆಯ ಮಜ್ಜಿಗೆ ನನ್ನ ಕಾಲ ಮೇಲೂ ಹರಿಯಿತು. "ಅಜ್ಜೀ, ದಾರಿ ಬಿಡು" ಎಂದೆ.

ಮುಖದ ಮೇಲೆ ಗಾಳಿ ಬೀಸಿತು. ಹಿಂದಿನಿಂದ ಯಾರೋ "ಆ!" ಎಂದರು. ಆಮೇಲೆ ಇಪ್ಪತ್ತು ಗಂಟಲು ಒಟ್ಟಿಗೆ "ಓಹೋಹೋ!" ಎಂದವು. ಹೆಡ್‌ಮಾಸ್ಟರು "ನಾರಾಯಣ, ನಾರಾಯಣ" ಎಂದು ಚೀರಿದರು. ಭಾಗ್ಯ "ನೋಡಿ ಅತ್ತೆಮ್ಮಾ, ನೋಡಿ, ನಮ್ಮ ಸಾ!" ಎಂದು ಕೂಗುತ್ತಾ ಅತ್ತಳು. ಮುದುಕಿ ದಡ್ ಎಂದು ಮಣ್ಣಿನ ಮೇಲೆ ಮಂಡಿಯೂರಿದ ಸದ್ದು ಕೇಳಿಸಿತು. "ತಪ್ಪಾಯ್ತು ಕಣವ್ವಾ" ಎಂದಳು, ಕಲ್ಲಿಗೋ ಸೊಸೆಗೋ ತಿಳಿಯದು. ಶಿವಲಿಂಗಪ್ಪನವರು ಓಡಿಬಂದು ನನ್ನನ್ನು ತಬ್ಬಿಕೊಂಡು, "ಸಾಧಿಸಿಬಿಟ್ರಿ ಮೇಷ್ಟ್ರೇ, ಸಾಧಿಸಿಬಿಟ್ರಿ! ನಾನು ಸೋತೆ!" ಎಂದು ಹೆಗಲ ಮೇಲೆ ಮುಖವಿಟ್ಟರು. ಅವರ ವಿಭೂತಿ ನನ್ನ ಸ್ವೆಟರಿಗೆ ಹತ್ತಿತು. ಅಂಥ ಜಯ ನನ್ನ ಬಾಳಿನಲ್ಲಿ ಮತ್ತೆ ಸಿಕ್ಕಿಲ್ಲ. ಆವತ್ತು ಭಾಗ್ಯಳ ಅಂಗಡಿಯಲ್ಲಿ ನಮ್ಮ ಗುಂಪಿಗೆಲ್ಲ ಬಿಸಿಬಿಸಿ ರೊಟ್ಟಿ, ಚಟ್ನಿ. ಬಡಿಸಿದ್ದು ಸ್ವತಃ ಆ ಅತ್ತೆಯೇ. ಮೊದಲ ರೊಟ್ಟಿಯನ್ನು ಅವಳು ಇಟ್ಟದ್ದು ನನ್ನ ತಟ್ಟೆಗಲ್ಲ, ಸೊಸೆಯ ತಟ್ಟೆಗೆ. "ನಾಳೆಯಿಂದ ನೀನೇ ಹುಯ್ಯೆ. ನೀನೂ ಈಗ ಮುಖ ನೋಡಿದೋಳಲ್ವಾ" ಎಂದಳು. ಭಾಗ್ಯ ಆ ರೊಟ್ಟಿಯನ್ನು ಮುರಿದು ಅರ್ಧ ಅತ್ತೆಯ ಕೈಗಿಟ್ಟಳು.

ಎಲ್ಲಾ ಸರಿ. ಆದರೆ ನಿಮ್ಮ ಹತ್ತಿರ ಮುಚ್ಚಿಟ್ಟು ಏನು ಪ್ರಯೋಜನ, ಒಂದು ಸಣ್ಣ ತೊಡಕು ಆಗಿಹೋಯಿತು. ನಾನು ಭಕ್ತಿಯಿಂದ ಮುಚ್ಚಿದ್ದ ಕಣ್ಣನ್ನು, ಆ "ಓಹೋಹೋ" ಕೇಳಿದ ಮೇಲೆ, ಭಯದಿಂದ ಇನ್ನೂ ಗಟ್ಟಿಯಾಗಿ ಮುಚ್ಚಿಕೊಂಡೆ. ಮಂಜು ಎದ್ದಿತೋ, ಕಲ್ಲೇ ಎದ್ದಿತೋ ಯಾರಿಗೆ ಗೊತ್ತು? ಅಷ್ಟರಲ್ಲಿ ಶಿವಲಿಂಗಪ್ಪನವರು ಬಂದು ತಬ್ಬಿಕೊಂಡರು. ಅವರು ಆರಡಿ, ನಾನು ಐದೂಕಾಲು. ಅವರ ಎದೆಯಿಂದ ಬಿಡಿಸಿಕೊಂಡು, ಕನ್ನಡಕ ಒರೆಸಿಕೊಂಡು, ಕಣ್ಣು ಬಿಟ್ಟು ನೋಡುತ್ತೇನೆ, ಎದುರಿಗೆ ಮಂಜು. ಗಟ್ಟಿ ಮಂಜು. "ಅರ್ಧ ನಿಮಿಷ ಇತ್ತು ನೋಡಿ, ಏನು ಪುಣ್ಯ ನಮ್ಮದು!" ಎಂದರು ಹೆಡ್‌ಮಾಸ್ಟರು. ಹೊರಡುವವರೆಗೆ ಮತ್ತೆ ಅದು ಏಳಲಿಲ್ಲ. ಕ್ಯಾಮೆರಾದಲ್ಲಿ ರೀಲು ಇರಲಿಲ್ಲ. ಇಪ್ಪತ್ತು ಜನರಲ್ಲಿ ಹೊಗೆಗುಡ್ಡ ನೋಡದೆ ಇಳಿದು ಬಂದವನು ನಾನೊಬ್ಬನೇ.

ವ್ಯಾನು ಘಾಟಿ ಇಳಿಯುವಾಗ ಪದ್ಮನ ಕಿವಿಯಲ್ಲಿ ಮೆಲ್ಲಗೆ, "ಏನೇನು ಕಾಣಿಸ್ತೇ?" ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಅರ್ಥವಾಯಿತು. ಅಲ್ಲಿಂದ ಹಾಸನದವರೆಗೆ ನಕ್ಕಳು. ಹೆಡ್‌ಮಾಸ್ಟರ ಹೆಂಡತಿ ಮತ್ತೆ ನಿಂಬೆಹಣ್ಣು ಕೊಟ್ಟರು. ಆಮೇಲೆ ಪಾಪ ಎನ್ನಿಸಿ ಒಂದೊಂದಾಗಿ ಹೇಳಿಕೊಟ್ಟಳು. ಒಂದರ ಹಿಂದೆ ಒಂದು ಬೆಟ್ಟದ ಸಾಲು, ಕೆಳಗೆ ಗೆರೆ ಎಳೆದ ಹಾಗೆ ಒಂದು ಹೊಳೆ, ಹೊಳೆಯ ಪಕ್ಕ ಒಂದು ಕೆಂಪು ಹಂಚಿನ ಮನೆ. ನಾನು ಬಾಯಿಪಾಠ ಮಾಡಿಕೊಂಡೆ. ಈಗ ಎಂಟನೇ ಕ್ಲಾಸಿಗೆ ಅದನ್ನೇ ಹೇಳುತ್ತೇನೆ, ಶಿವಲಿಂಗಪ್ಪನವರೂ ಈಗ ಎದುರಾಡುವುದಿಲ್ಲ. ನಾನು ಎರಡೆರಡು ಸಲ ಹೋಗಿಬಂದವನು ಅಂತ ಎಲ್ಲರಿಗೂ ಅವರೇ ಹೇಳಿಕೊಂಡು ಬರುತ್ತಾರೆ. ತೊಂದರೆ ಇರುವುದು ಮನೆಯಲ್ಲಿ. ಯಾರಾದರೂ ನೆಂಟರು ಬಂದಾಗ ನಾನು ಗತ್ತಿನಿಂದ ಆ ನೋಟವನ್ನು ವರ್ಣಿಸುತ್ತಿದ್ದರೆ, ಪದ್ಮ ಕಾಫಿ ತಂದಿಟ್ಟು, "ಅದೇನ್ರೀ, ಆ ಬಿಳೀ ಕುದುರೆಗಳ ವಿಷಯ ಹೇಳಲೇ ಇಲ್ವಲ್ಲ?" ಎನ್ನುತ್ತಾಳೆ. ನಾನು ಒಂದು ಗುಟುಕು ಕುಡಿದು, "ಹೌದೌದು, ಕುದುರೆಗಳು. ಏನು ಚಂದ!" ಎನ್ನುತ್ತೇನೆ. ಕಳೆದ ಸಲ ಕುದುರೆಗಳ ಜೊತೆ ಒಂದು ಜಲಪಾತವೂ ಬಂತು. ಅವು ನಿಜವಾಗಿ ಇದ್ದವೋ, ಅವಳು ಅಡಿಗೆಮನೆಯಲ್ಲಿ ನಿಂತು ಹುಟ್ಟಿಸಿದ್ದೋ, ಇವತ್ತಿಗೂ ನನಗೆ ಗೊತ್ತಿಲ್ಲ. ಯಾರನ್ನಾದರೂ ಕೇಳಿ ತಿಳಿದುಕೊಳ್ಳೋಣ ಎಂದರೆ, ನಾನು ನೋಡಿದವನು.